ಅನುಸೂಯಮ್ಮನ ಇನ್ನೂರು ಗಂಟೆ

ಅಸಹ್ಯಪಡುವ ಗುಣ ಅನುಸೂಯಮ್ಮನಿಗೆ ಹುಟ್ಟುತ್ತಲೇ ಬಂದದ್ದು. ಏಳು ವರ್ಷದ ಹುಡುಗಿ, ಮಾದನಾಯಕನಹಳ್ಳಿಯಲ್ಲಿ ಸೋದರಮಾವನ ಮದುವೆ, ಲಂಗ ಹರಡಿಕೊಂಡು ಪಂಕ್ತಿಯಲ್ಲಿ ಕೂತಿದ್ದಾಳೆ. ಬಡಿಸುವವನ ಹೆಬ್ಬೆರಳು ಸಾರಿನ ಬಕೆಟ್ಟಿನೊಳಗೆ ಅದ್ದಿರುವುದನ್ನು ಕಂಡವಳೇ ಎಲೆ ಮಡಚಿ ಎದ್ದುಬಿಟ್ಟಳು. ದೊಡ್ಡವರು ಗದರಿದರು, ಮಾವ ಮುದ್ದು ಮಾಡಿದ, ಅಜ್ಜಿ ಕೆನ್ನೆ ಹಿಂಡಿದಳು. "ಅವ್ನ ಬೆಟ್ಟು ಸಾರ್ನಾಗೈತೆ, ನಂಗ್ ಬ್ಯಾಡ" ಎಂದು ಹಿಡಿದ ಹಟ ಬಿಡಲಿಲ್ಲ. ಆ ದಿನ ಎರಡು ಬಾಳೆಹಣ್ಣು ತಿಂದು ಮಲಗಿತು ಮಗು. ಬಾಳೆಹಣ್ಣಾದರೆ ಸಿಪ್ಪೆಯೊಳಗೆ ಯಾರೂ ಬೆರಳಿಟ್ಟಿರುವುದಿಲ್ಲವಲ್ಲ.

ಪೀಣ್ಯದ ಊರೊಳಗಿನ ಚಿಕ್ಕಮುನಿಯಪ್ಪನ ಮನೆಗೆ ಹಿರಿಯ ಸೊಸೆಯಾಗಿ ಬಂದ ಮೇಲೂ ಆ ಗುಣ ಹೋಗಲಿಲ್ಲ. ಅಸಹ್ಯವಾದರೆ ಮೂಗುಬಟ್ಟು ಇರುವ ಕಡೆಯ ಹೊಳ್ಳೆ ಮೇಲಕ್ಕೇಳುತ್ತದೆ. ಬಾಯಿಂದ ಒಂದು "ಥೂ" ಬರುತ್ತದೆ, ಉಗುಳು ಇಲ್ಲದ್ದು, ಬರೀ ಗಾಳಿಯದು. ಕಾರ್ಖಾನೆಗಳ ಗೋಡೆಯ ಮೇಲಿನ ಗುಟ್ಕಾ ಕಲೆ, ಮೋರಿಯಲ್ಲಿ ಹರಿಯುವ ಹಳದಿ ನೀರು, ಬಸ್ಸಿನಲ್ಲಿ ಕಾಲು ಅಗಲಿಸಿ ಕೂರುವ ಗಂಡಸರು, ಎಲ್ಲಕ್ಕೂ ಅದೇ. ಆಗದವರು ಜಂಬ ಎಂದರು. ಪಾಪ, ಜಂಬ ಪಡುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಿಗ್ಗೆ ಐದಕ್ಕೆ ಎದ್ದು ಒಂಬತ್ತು ಜನಕ್ಕೆ ಮುದ್ದೆ ತಿರುವಿ, ಮೈದುನ ಮುನೀಂದ್ರನ ತಲೆಯ ಹೇನು ಬಾಚಿ, ಏಳಕ್ಕೆ ಕಂಪನಿ ಬಸ್ಸು ಹಿಡಿಯಬೇಕಿತ್ತು.

ಹೌದು, ಅವಳು ಕಾರ್ಖಾನೆಗೆ ಹೋಗುತ್ತಿದ್ದಳು. ಹತ್ತೊಂಬತ್ತಕ್ಕೆ ಐಟಿಐ ಮುಗಿಸಿ, ವಿಮಾನದ ಬಿಡಿಭಾಗ ಮಾಡುವ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಪಾಸಣೆ ಕೆಲಸಕ್ಕೆ ಸೇರಿದಳು. ಬೇರೆಯವರು ಮಾಡಿದ್ದರಲ್ಲಿ ಕೊಳಕು ಹುಡುಕುವ ಕೆಲಸ. ಅದಕ್ಕಿಂತ ಅವಳಿಗೆ ಒಪ್ಪುವ ಕೆಲಸ ಯಾವುದಿತ್ತು ಹೇಳಿ?

ಅಲ್ಲಿ ಅವಳನ್ನು ತಿದ್ದಿದವರು ಫೋರ್‌ಮನ್ ಸುಬ್ರಹ್ಮಣ್ಯ. ಮಡಿಕೆ ಕೆಡದ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ಭೂತಗನ್ನಡಿ. ಮೊದಲ ದಿನವೇ ಅವಳ ಕೈ ನೋಡಿ, "ತೋರುಬೆರಳಿಂದ ಮುಟ್ಟಬೇಡಮ್ಮ. ಅದು ದುಡಿದು ದುಡಿದು ದಡ್ಡು ಕಟ್ಟಿರತ್ತೆ. ಉಂಗುರದ ಬೆರಳಿಂದ ಮುಟ್ಟು. ಅದು ಸೋಮಾರಿ, ಅದಕ್ಕೆ ಎಲ್ಲ ತಿಳಿಯತ್ತೆ" ಎಂದಿದ್ದರು. ಆ ಸೋಮಾರಿ ಬೆರಳಿನಿಂದ ನಲವತ್ತು ವರ್ಷ ಅವಳು ಉಕ್ಕು ಸವರಿದಳು. ಕಣ್ಣಿಗೆ ಕಾಣದ ಗೀರು ಬೆರಳಿಗೆ ಸಿಗುತ್ತಿತ್ತು. ಊಟದ ಬಿಡುವಿನಲ್ಲಿ ಸಾರ್ ಹಳೆಯ ಕಥೆ ಹೇಳುತ್ತಿದ್ದರು. ಸೈನ್ಯಕ್ಕೆ ವಿಮಾನ ಹೊಸದಾಗಿದ್ದ ಕಾಲ. ಮರದ ಹಂದರಕ್ಕೆ ಬಟ್ಟೆ ಹೊದಿಸಿದ ರೆಕ್ಕೆ, ಮೇಲೊಂದು ಜೊತೆ ಕೆಳಗೊಂದು ಜೊತೆ, ನಡುವೆ ಬಿಗಿದ ತಂತಿಗಳು. ಆಗ ಪರೀಕ್ಷೆ ಎಂದರೆ ರೆಕ್ಕೆಯ ಮೇಲೆ ಮರಳಿನ ಚೀಲ ಪೇರಿಸುವುದಂತೆ. ಒಬ್ಬ ಮೇಲೆ ಒಂದೊಂದೇ ಚೀಲ ಇಡುವುದು, ಇನ್ನೊಬ್ಬ ಕೆಳಗೆ ಮಲಗಿ ಕಿವಿ ಕೊಟ್ಟು ಕೇಳುವುದು. ಮರ ಮುಲುಗಿದರೆ ಚೀಲ ಎಣಿಸಿ ಬರೆದುಕೊಳ್ಳುವುದು. "ಕೆಳಗೆ ಮಲಗೋವ್ನೇ ನಿಜವಾದ ಇನ್ಸ್‌ಪೆಕ್ಟರ್ರು ಕಣಮ್ಮ" ಎನ್ನುತ್ತಿದ್ದರು. ಅವಳಿಗೆ ಅವರು ಅಪ್ಪನಿಗಿಂತ ಹೆಚ್ಚು. ಅಪ್ಪ ಬೀಡಿ ಸೇದುತ್ತಿದ್ದ.

ನಿವೃತ್ತಿಯಾಗಿ ಎರಡು ವರ್ಷ. ಗಂಡ ಹನುಮಯ್ಯ ಹೋಗಿ ಒಂಬತ್ತು. ಈಗ ಬಾಗಲಗುಂಟೆಯಲ್ಲಿ ಒಂದು ಮಹಡಿ ಮನೆ, ಕುಂಡದಲ್ಲಿ ಕರಿಬೇವು. ಸುಮ್ಮನೆ ಕೂತರೆ ಮೂಗು ಮನೆಯವರ ಮೇಲೇ ತಿರುಗುತ್ತಿತ್ತೇನೋ, ಮೈದುನ ಮುನೀಂದ್ರ ಬಂದು ಕರೆದ. ಹೇನು ಬಾಚಿಸಿಕೊಂಡ ಹುಡುಗನಿಗೆ ಈಗ ಐವತ್ತೆರಡು, ಬೊಜ್ಜು, ಬೆರಳಿಗೆ ಮೂರು ಉಂಗುರ. ಚಿಕ್ಕಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಅದೇ ಮಣ್ಣಿನ ಮೇಲೆ ಎದ್ದ ಶೆಡ್ಡೊಂದರಲ್ಲಿ ಅವನ ವರ್ಕ್‌ಶಾಪು. ಎಂಟು ಮಿಷನ್ನು, ಹನ್ನೊಂದು ಜನ.

"ಅತ್ಗೆ, ನಿಮ್ಮ ಸುಬ್ರಹ್ಮಣ್ಯ ಸಾರ್ ಫೋನ್ ಮಾಡಿದ್ರು. ಹಳೇ ವಿಮಾನ ರಿಪೇರಿ ಮಾಡಿ ಹಾರ್ಸೋ ಸಂಘ ಒಂದೈತಂತೆ, ಅದಕ್ಕೆ ಅವ್ರೇ ಸಲಹೆಗಾರ್ರು. ಬಟ್ಟೆ ರೆಕ್ಕೆ ಪ್ಲೇನು ಒಂದು ರೆಡಿ ಮಾಡ್ತಾವ್ರಂತೆ. ರೆಕ್ಕೆ ಮಧ್ಯದ ತಂತಿ ತುದಿಗೆ ನಲವತ್ತೆಂಟು ಪೀಸ್ ಬೇಕಂತೆ. ಅನುಸೂಯ ಸೀಲ್ ಹಾಕಿದ್ರೆ ಮಾತ್ರ ತಗೋತೀನಿ ಅಂದ್ರು."

ಆ ಮಾತಿಗೆ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಪೀಸು ಎಂದರೆ ಫೋರ್ಕು. ಬೆರಳುದ್ದದ ಉಕ್ಕು, ಒಂದು ತುದಿಗೆ ತಿರುಪಿನ ಸುತ್ತು ಕೊರೆದದ್ದು, ಇನ್ನೊಂದು ತುದಿ ಎರಡು ಕವಲು. ತಂತಿಯನ್ನು ರೆಕ್ಕೆಗೆ ಕಚ್ಚಿಸಿ ಹಿಡಿಯುವುದು ಅದೇ. ಒಂದು ಕಿತ್ತರೆ ತಂತಿ ಸಡಿಲ, ತಂತಿ ಸಡಿಲಾದರೆ ರೆಕ್ಕೆ ಮಡಚುತ್ತದೆ. ಅಷ್ಟೇ ಲೆಕ್ಕ. ಅನುಸೂಯಮ್ಮ ಒಂದೊಂದನ್ನೂ ಮಗುವಿನ ಕಿವಿ ಸವರಿದಂತೆ ಸವರಿ ನೋಡಿದಳು. ಅದನ್ನು ಹಾರಿಸುವ ಹುಡುಗಿ ಭಾವನಾ ಒಂದು ದಿನ ಶೆಡ್ಡಿಗೆ ಬಂದಿದ್ದಳು. ಮೂವತ್ತರ ಪ್ರಾಯ, ಗಂಡುಮಕ್ಕಳಂತೆ ಕೂದಲು. ಅನುಸೂಯಮ್ಮನ ಡಬ್ಬಿಯ ಚಿತ್ರಾನ್ನ ಅರ್ಧ ಖಾಲಿ ಮಾಡಿ, ಫೋರ್ಕೊಂದನ್ನು ಕಿವಿಯ ಹತ್ತಿರ ಹಿಡಿದು, "ಆಂಟಿ, ಓಲೆ ಥರ ಹಾಕ್ಕೋಬೋದು ನೋಡಿ" ಎಂದಳು.

"ಹಾಕ್ಕೋ ತಾಯಿ, ಕಿವಿ ಹರ್ಕೊಂಡು ಕೈಗೆ ಬರತ್ತೆ. ಮೊದ್ಲು ಕೈ ತೊಳಿ, ಎಣ್ಣೆ ಹತ್ತೈತೆ."

ಹಾರಾಟ ದಸರೆ ಕಳೆದು ಮೂರನೇ ಭಾನುವಾರ. ಮುಂದಿನ ಸೀಟಿನಲ್ಲಿ ಭಾವನಾ. ಹಿಂದಿನ ಸೀಟಿನಲ್ಲಿ ಸುಬ್ರಹ್ಮಣ್ಯ ಸಾರ್. ಅವರಿಗೆ ಎಂಬತ್ತನಾಲ್ಕು. ಜೀವಮಾನವಿಡೀ ವಿಮಾನದ ಮೂಳೆ ಪರೀಕ್ಷಿಸಿದವರು, ಒಮ್ಮೆಯೂ ಅಂಥದ್ದರಲ್ಲಿ ಕೂತು ಹಾರಿರಲಿಲ್ಲ. ಸಂಘದವರು ಅವರಿಗೆಂದೇ ಆ ಸೀಟು ಇಟ್ಟಿದ್ದರು.

ಉಳಿದದ್ದು ಒಂದೇ ಕೆಲಸ, ತುಕ್ಕು ಹಿಡಿಯದಂತೆ ಲೇಪ ಹಾಕಿಸುವುದು. ಅದನ್ನು ಮಾಡುವುದು ಲಗ್ಗೆರೆಯ ನಲ್ಲಪ್ಪ. ಗಟ್ಟಿ ಉಕ್ಕಿಗೆ ಲೇಪ ಹಾಕುವುದರಲ್ಲಿ ಒಂದು ಕಟ್ಟಳೆಯಿದೆ. ಲೇಪದ ತೊಟ್ಟಿಯೊಳಗೆ ಮುಳುಗಿದಾಗ ಉಕ್ಕು ಕಣ್ಣಿಗೆ ಕಾಣದ ಅನಿಲವನ್ನು ಹೀರಿಕೊಳ್ಳುತ್ತದೆ. ಹೊರಗೆ ತೆಗೆದ ನಾಲ್ಕು ಗಂಟೆಯೊಳಗೆ ಒಲೆಗೆ ಹಾಕಿ, ಇಪ್ಪತ್ತಮೂರು ಗಂಟೆ ಹದವಾಗಿ ಕಾಯಿಸಿದರೆ ಅದು ಹೊರಟುಹೋಗುತ್ತದೆ. ತಡವಾದರೆ ಅಲ್ಲೇ ಒಳಗೊಳಗೇ ಉಕ್ಕನ್ನು ಬಿರಿಯಿಸುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಆದ ಬಿರುಕು ಮುಚ್ಚುವುದಿಲ್ಲ. ಮೇಲೆ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ.

ಆಯುಧಪೂಜೆಗೆ ಎರಡು ದಿನ ಮೊದಲೇ ಮುಗಿಸು ಎಂದು ಅನುಸೂಯಮ್ಮ ಹೇಳಿದ್ದಳು. ಹೂಂ ಎಂದಿದ್ದ ನಲ್ಲಪ್ಪ.

ಹಬ್ಬ ಕಳೆದ ಶನಿವಾರ ಬೆಳಿಗ್ಗೆ ಅವಳು ಶೆಡ್ಡಿಗೆ ನಡೆದು ಬಂದಾಗ ಪೀಣ್ಯದ ರಸ್ತೆಯಿಡೀ ಒಡೆದ ಬೂದುಗುಂಬಳ. ಕುಂಕುಮ ಕಲಸಿದ ತಿರುಳು ಮೂರು ದಿನ ಲಾರಿಯಡಿ ಸಿಕ್ಕಿ, ಕೊಳೆತು, ನೊಣ ಮುತ್ತಿ, ಯಾವುದೋ ಅಪಘಾತವಾದ ಹಾಗೆ ಕಾಣುತ್ತಿತ್ತು. ಸೆರಗು ಮೂಗಿಗೆ ಹಿಡಿದು ದಾಟಿ ಬಂದಳು. ಒಳಗೆ ನಲ್ಲಪ್ಪ ಫೋರ್ಕುಗಳ ತಟ್ಟೆ ಇಟ್ಟು, ಒಲೆಯ ತಾಪದ ಗೆರೆ ಬರೆದ ಚಾರ್ಟ್ ಕಾಗದ ಕೊಟ್ಟು, ಕಡ್ಲೆಪುರಿಯ ಪೊಟ್ಟಣ ಮುಂದೆ ಹಿಡಿದ.

"ಪ್ರಸಾದ ಅಕ್ಕ. ಈ ಸಲ ಪೂಜೆ ಸಕ್ಕತ್ತಾಗಿ ಆಯ್ತು. ಓವನ್ನಿಗೆ ಎರಡು ಬಾಳೆಕಂದು ಕಟ್ಸಿ, ಸೇವಂತಿಗೆ ಹಾರ ಹಾಕ್ಸಿ, ಹನ್ನೆರಡೂವರೆಗೆ ಮಂಗಳಾರತಿ."

"ಬುಧವಾರನಾ?"

"ಹೂಂ ಅಕ್ಕ, ಆಯುಧಪೂಜೆ ದಿನಾನೇ. ನಿಮ್ಮ ಪೀಸು ಹನ್ನೊಂದಕ್ಕೆ ತೊಟ್ಟಿಯಿಂದ ತೆಗ್ದಿದ್ದು, ಅದನ್ನೂ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ವಿ. ವಿಮಾನದ್ದಲ್ವಾ!"

"ಆಮೇಲೆ ಓವನ್ ಹಾಕಿದ್ಯಾ?"

ನಲ್ಲಪ್ಪ ನಾಲಿಗೆ ಕಚ್ಚಿಕೊಂಡ. ಅವಳಿಗೆ ಬೇಜಾರಾಯಿತೆಂದಲ್ಲ, ಇಂಥ ಮಾತು ಕೇಳಿದಳಲ್ಲಾ ಎಂದು. "ಪೂಜೆ ಆದ್ಮೇಲೆ ಸ್ವಿಚ್ ಮುಟ್ಟೋದುಂಟಾ ಅಕ್ಕ? ವಿಜಯದಶಮಿ ಸಂಜೆ ದೀಪ ಹಚ್ಚಿ ಆಮೇಲೇನೇ ಹಾಕಿದ್ದು."

ಅನುಸೂಯಮ್ಮ ಕೈಯಲ್ಲಿದ್ದ ಚಾರ್ಟ್ ಬಿಡಿಸಿದಳು. ಬುಧವಾರ ಹನ್ನೆರಡೂವರೆಯಿಂದ ಗುರುವಾರ ಹನ್ನೊಂದೂವರೆಯವರೆಗೆ, ಒಂದು ಡಿಗ್ರಿ ಅಲುಗದ ಸುಂದರ ಗೆರೆ.

"ಅಂಗಾದ್ರೆ ಇದೇನಪ್ಪ? ಹಾರ ಹಾಕ್ಕೊಂಡು ಕೂತಿದ್ದ ಓವನ್ನು ತಾನೇ ಬರ್ಕೊಂತಾ?"

"ಅದಾ..." ನಲ್ಲಪ್ಪ ಕತ್ತು ಕೆರೆದುಕೊಂಡ. "ಅದು ಹಿಂದಿನ ಬ್ಯಾಚಿಂದು ಅಕ್ಕ. ಫಾರ್ಮಾಲಿಟಿ. ಡೇಟ್ ಹಾಕಿದೀನಿ. ಆದ್ರೆ ಕಾಯ್ಸಿದ್ದು ನಿಜ, ಇಪ್ಪತ್ಮೂರು ಗಂಟೆ ಫುಲ್ಲು, ನಮ್ಮ ತಾಯಾಣೆ. ಬರೀ ಒಂದಿನ ಲೇಟು."

"ಥೂ" ಎಂದಳು ಅನುಸೂಯಮ್ಮ. ಕಡ್ಲೆಪುರಿ ಪೊಟ್ಟಣವನ್ನು ಹಾಗೇ ಅವನ ಮೊಪೆಡ್ಡಿನ ಬುಟ್ಟಿಯಲ್ಲಿ ಇಟ್ಟು ಬಂದಳು.

ಮುನೀಂದ್ರನಿಗೆ ವಿಷಯ ತಿಳಿದಾಗ ಅವನು ಇಡ್ಲಿ ತಿನ್ನುತ್ತಿದ್ದ. ಬಾಯಿ ತುಂಬಿದ್ದಾಗ ಮಾತಾಡಬಾರದೆಂದು ಮೂರನೇ ಕ್ಲಾಸಿನಿಂದ ಹೇಳಿಕೊಟ್ಟಿದ್ದಳು, ಈಗಲೂ ಮಾತಾಡಿದ. "ದೇವರ ಕೆಲ್ಸಕ್ಕೆ ಒಂದಿನ ತಡ ಆದ್ರೆ ದೇವರು ನೋಡ್ಕೊಳಲ್ವಾ ಅತ್ಗೆ? ಎಳೆದು ನೋಡಿ, ತಡೀತದೆ."

ಎಳೆಯುವ ಯಂತ್ರಕ್ಕೆ ಎರಡು ಫೋರ್ಕು ಹಾಕಿ ನೋಡಿದರು. ತಡೆದವು. ಬೇಕಾದ ತೂಕಕ್ಕಿಂತ ಹೆಚ್ಚೇ ತಡೆದವು. ಮುನೀಂದ್ರ ಚಪ್ಪಾಳೆ ಹೊಡೆದ. ಅನುಸೂಯಮ್ಮನಿಗೆ ಗೊತ್ತಿತ್ತು, ಈ ರೋಗ ಎಳೆದ ಕ್ಷಣಕ್ಕೆ ಸಿಕ್ಕುವುದಲ್ಲ. ಇದಕ್ಕಿರುವ ಪರೀಕ್ಷೆ ಒಂದೇ. ಮುರಿಯುವಷ್ಟಲ್ಲ, ಅದರ ಮುಕ್ಕಾಲು ಪಾಲು ಭಾರ ಹೊರಿಸಿ, ಇನ್ನೂರು ಗಂಟೆ ಬಿಟ್ಟು ಕಾಯುವುದು. ಎಂಟು ದಿನದ ಮೇಲೆ ಎಂಟು ಗಂಟೆ. ರೋಗ ಇದ್ದರೆ ಅಷ್ಟರೊಳಗೆ ತಾನಾಗಿ ಕಿತ್ತುಕೊಳ್ಳುತ್ತದೆ.

ಆ ಪರೀಕ್ಷೆಯ ಚೌಕಟ್ಟು ಶೆಡ್ಡಿನ ಮೂಲೆಯಲ್ಲೇ ಇತ್ತು. ಹಳೆಯ ಸಾಮಾನಿನ ಹರಾಜಿನಲ್ಲಿ ಮುನೀಂದ್ರ ತಂದು ಹೆಲ್ಮೆಟ್ ನೇತುಹಾಕಲು ಇಟ್ಟುಕೊಂಡಿದ್ದ. ಬಾವಿಯ ಏತದಂತೆ ಉದ್ದನೆಯ ಸನ್ನೆ. ಒಂದು ಕಡೆ ಫೋರ್ಕು, ಇನ್ನೊಂದು ಕಡೆ ಕಬ್ಬಿಣದ ಬಿಲ್ಲೆಗಳು. ಸನ್ನೆಯ ಉದ್ದಕ್ಕೂ ಕಚ್ಚುಗಳು. ಬಿಲ್ಲೆಗಳ ಕೊಂಡಿ ಹೊರಗಿನ ಕಚ್ಚಿಗೆ ಹೋದಷ್ಟೂ ಭಾರ ಹೆಚ್ಚು. ಅನುಸೂಯಮ್ಮ ಹೆಲ್ಮೆಟ್ಟುಗಳನ್ನು ಕೆಳಗೆಸೆದು, ಮೂರು ಫೋರ್ಕನ್ನು ಸರಪಳಿಯಂತೆ ಒಂದರ ಬಾಲಕ್ಕೊಂದು ಪೋಣಿಸಿ, ಬಿಲ್ಲೆ ಹಾಕಿ, ಗಡಿಯಾರ ನೋಡಿ, ಪುಸ್ತಕದಲ್ಲಿ ಬರೆದಳು: ಶನಿವಾರ ಬೆಳಿಗ್ಗೆ ಹನ್ನೊಂದು. ಮುಗಿಯುವುದು ಮುಂದಿನ ಭಾನುವಾರ ಸಂಜೆ ಏಳು. ಆಮೇಲೆ ಫಿಟ್ಟಿಂಗಿಗೆ ಒಂದು ವಾರ.

"ಅಲ್ಲೀತಂಕ ಸೀಲ್ ಇಲ್ಲ."

"ಅತ್ಗೆ, ನಮ್ಮ ಮನೇವ್ರಾಗಿ ಇಂಗ್ ಮಾಡ್ತೀರಲ್ಲ!"

"ಮನೇವ್ಳಾಗಿದ್ದಕ್ಕೇ ನಿನ್ನ ಹೇನು ಬಾಚಿದ್ದು. ಹೋಗ್, ಕೈ ತೊಳ್ಕೊ."

ತನ್ನ ನಂಬರಿನ ಉಕ್ಕಿನ ಮೊಹರನ್ನು ಅವಳು ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸುಬ್ರಹ್ಮಣ್ಯ ಸಾರಿಗೆ ತಾನೇ ಫೋನು ಮಾಡಿ ಎಲ್ಲ ಹೇಳಿದಳು. ಸಾರ್, "ಇನ್ನೂರೂ ಬೇಕೇನಮ್ಮ? ಹಾರೋದು ಹನ್ನೆರಡು ನಿಮಿಷ" ಎಂದರು. ತಮಾಷೆಗೆ ಎಂದುಕೊಂಡು ನಕ್ಕಳು.

ಬುಧವಾರ ಮಧ್ಯಾಹ್ನ ಸಾರ್ ಆಟೋದಲ್ಲಿ ಬಂದರು. ಕೆಲಸದವರು ಊಟಕ್ಕೆ ಹೋಗಿದ್ದರು, ಮುನೀಂದ್ರ ಬ್ಯಾಂಕಿಗೆ. ಸಾರ್ ಚೌಕಟ್ಟಿನ ಸುತ್ತ ಒಂದು ಸುತ್ತು ಬಂದು, ಭೂತಗನ್ನಡಿ ತೆಗೆದು ನೋಡಿ, "ಚೆನ್ನಾಗಿ ಕಟ್ಟಿದೀಯಾ" ಎಂದರು. ಅರವತ್ತೆರಡು ವರ್ಷದ ಅನುಸೂಯಮ್ಮ ಹತ್ತೊಂಬತ್ತರವಳಂತೆ ಹಿಗ್ಗಿದಳು.

"ಒಂದು ಲೋಟ ಕಾಫಿ ಸಿಗತ್ತೇನಮ್ಮ? ಸಕ್ಕರೆ ಬೇಡ."

ಮೂಲೆಯ ಹೋಟೆಲಿನ ಕಾಫಿ ಲೋಟ ಅವಳಿಗೆ ನಂಬಿಕೆಯಿಲ್ಲ. ತನ್ನದೇ ಲೋಟ ತೆಗೆದುಕೊಂಡು, ಬಿಸಿನೀರಲ್ಲಿ ತೊಳೆಸಿ, ಎದುರು ನಿಂತು ಕಾಫಿ ಹಾಕಿಸಿ ತಂದಳು. ಹದಿನೈದು ನಿಮಿಷ ಆಗಿರಬೇಕು. ಸಾರ್ ಕಾಫಿ ಕುಡಿದು, ತಲೆಯ ಮೇಲೆ ಕೈಯಿಟ್ಟು ಹರಸಿ ಹೋದರು.

ಸಂಜೆ ಐದಕ್ಕೆ ಗಂಟೆ ಬರೆಯಲು ಚೌಕಟ್ಟಿನ ಹತ್ತಿರ ಹೋದವಳು ನಿಂತಳು. ಪೀಣ್ಯದಲ್ಲಿ ಒಂದು ವಸ್ತುವನ್ನು ನಾಲ್ಕು ದಿನ ಅಲುಗಿಸದೆ ಇಟ್ಟರೆ ಅದರ ಮೇಲೆ ಕಬ್ಬಿಣದ ಧೂಳು ಕೂರುತ್ತದೆ, ಬೂದಿ ಬಳಿದ ಹಾಗೆ. ಸನ್ನೆಯ ಮೇಲೂ ಕೂತಿತ್ತು. ಹೊರಗಿನ ಕಚ್ಚಿನಲ್ಲಿ ಮಾತ್ರ ಧೂಳಿಲ್ಲದ ಒಂದು ಬೆಳ್ಳನೆಯ ಜಾಗ. ಬಿಲ್ಲೆಗಳ ಕೊಂಡಿ ಎರಡು ಕಚ್ಚು ಒಳಗೆ ಸರಿದಿತ್ತು. ಬಿಲ್ಲೆ ಎಣಿಸಿದರೆ ಅಷ್ಟೂ ಇವೆ. ಭಾರ ಮಾತ್ರ ಅರ್ಧಕ್ಕೆ ಇಳಿದಿದೆ.

ಮುನೀಂದ್ರನಿಗೆ ಇದು ತೋಚುವುದಿಲ್ಲ. ಅವನಾಗಿದ್ದರೆ ಎರಡು ಬಿಲ್ಲೆ ಎತ್ತಿ ಬೀರುವಿನ ಹಿಂದೆ ಬಚ್ಚಿಡುತ್ತಿದ್ದ. ಅವಳು ಬಗ್ಗಿ ನೋಡಿದಳು. ತಾನು ಹೇಗೆಂದರೆ ಹಾಗೆ ಪೇರಿಸಿದ್ದ ಬಿಲ್ಲೆಗಳ ಮೇಲಿನ ನಂಬರುಗಳೆಲ್ಲ ಈಗ ಒಂದೇ ನೇರದಲ್ಲಿ, ಮುಂದಕ್ಕೆ ಮುಖ ಮಾಡಿ ಕೂತಿವೆ. ಒಂದೊಂದಾಗಿ ಇಳಿಸಿ, ಕೊಂಡಿ ಸರಿಸಿ, ಒಂದೊಂದಾಗಿ ಏರಿಸುವಾಗಲೂ ನಂಬರು ಮುಂದಕ್ಕೆ ತಿರುಗಿಸದೆ ಇರಲಾಗದ ಕೈ ಲೋಕದಲ್ಲಿ ಒಂದೇ, ಆ ಮಡಿಕೆ ಕೆಡದ ಬಿಳಿ ಅಂಗಿಯವರದು.

ಹಿಂದಿನ ನಲ್ಲಿಯ ಹತ್ತಿರ ಹೋಗಿ ಮಧ್ಯಾಹ್ನದ ಮುದ್ದೆ ಕಕ್ಕಿದಳು. ಲೋಟ ತೊಳೆಸಿ ಕಾಫಿ ತಂದೆನಲ್ಲ, ಹರಸಿದರೆ ತಲೆ ಬಗ್ಗಿಸಿದೆನಲ್ಲ ಎಂಬುದು ಸಾರ್ ಮಾಡಿದ್ದಕ್ಕಿಂತ ಹೆಚ್ಚು ನಾರುತ್ತಿತ್ತು. ಬಾಯಿ ಮುಕ್ಕಳಿಸಿ ಬಂದು ಕೊಂಡಿಯನ್ನು ಹೊರಗಿನ ಕಚ್ಚಿಗೆ ಹಾಕಿದಳು. ಗಡಿಯಾರ ನೋಡಿದಳು. ಐದು ನಲವತ್ತು. ನಿಯಮದ ಪ್ರಕಾರ ಲೆಕ್ಕ ಸೊನ್ನೆಯಿಂದ ಶುರು. ಮುಗಿಯುವುದು ಇನ್ನು ಬರುವ ವಾರದ ಗುರುವಾರ ನಡುರಾತ್ರಿ ದಾಟಿದ ಮೇಲೆ. ಫಿಟ್ಟಿಂಗಿಗೆ ಉಳಿಯುವುದು ಎರಡೇ ದಿನ, ಭಾನುವಾರದ ಹಾರಾಟ ಹೋಯಿತು ಎಂದೇ ಅರ್ಥ. ಪುಸ್ತಕದಲ್ಲಿ ಹೊಸ ಹೊತ್ತು ಬರೆದಳು. ಪಕ್ಕದಲ್ಲಿ 'ಮತ್ತೆ ಆರಂಭಿಸಲು ಕಾರಣ' ಎಂಬ ಅಂಕಣ. ಪೆನ್ನು ಅಲ್ಲಿ ನಿಂತುಬಿಟ್ಟಿತು. ಆ ಪುಸ್ತಕದ ನಕಲು ಸಂಘಕ್ಕೆ ಹೋಗುತ್ತದೆ. ಹೆಸರು ಬರೆದರೆ ಸಾರ್ ಅಲ್ಲಿಂದ ಹೊರಗೆ, ಅರವತ್ತು ವರ್ಷದ ಮರ್ಯಾದೆ ಮಣ್ಣು. ಬರೆಯದಿದ್ದರೆ ಮುಂದಿನ ಫೋರ್ಕನ್ನೂ, ಅದರ ಮುಂದಿನದನ್ನೂ ಒಪ್ಪುವವರು ಅವರೇ. ಅಂಕಣ ಖಾಲಿ ಬಿಟ್ಟು ಮನೆಗೆ ಹೋದಳು.

ಮಾರನೇ ಬೆಳಿಗ್ಗೆ ಸಾರ್ ತಾವೇ ಬಂದರು. ಕೊಂಡಿ ಹೊರಗಿನ ಕಚ್ಚಿನಲ್ಲಿರುವುದು ಕಂಡಿತು. ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ.

"ನಂಗೆ ಎಂಬತ್ನಾಲ್ಕು ಅನುಸೂಯ. ಮುಂದಿನ ವರ್ಷಕ್ಕೆ ಇರ್ತೀನೋ ಇಲ್ವೋ. ಆ ಸೀಟಲ್ಲಿ ಕೂರೋವ್ನು ನಾನೇ. ನನ್ನ ಜೀವ, ನಾನು ಒಪ್ಕೊಂಡಿದೀನಿ."

"ಮುಂದಿನ ಸೀಟ್ನಾಗೆ ಕೂರೋ ಹುಡ್ಗಿ ಸಾರ್?"

"ಅವಳಿಗೆ ಪ್ಯಾರಾಚೂಟ್ ಇರತ್ತಮ್ಮ."

ಅನುಸೂಯಮ್ಮ ಆ ಮುಖವನ್ನು ನೋಡಿದಳು. ಚೆನ್ನಾಗಿ ಕ್ಷೌರ ಮಾಡಿದ, ವಿಭೂತಿ ಇಟ್ಟ, ಮಡಿಯಾದ ಮುಖ. ಗುಟ್ಕಾ ಉಗುಳುವ ಬಾಯಿ ಇದಕ್ಕಿಂತ ಚೊಕ್ಕಟವೆನಿಸಿತು. ಸೆರಗು ತಾನಾಗಿ ಮೂಗಿಗೆ ಹೋಯಿತು.

ಸಾರ್ ಪುಸ್ತಕ ನೋಡಿ ಖಾಲಿ ಅಂಕಣದ ಮೇಲೆ ಬೆರಳಿಟ್ಟರು. "ಇಲ್ಲಿ ಕರೆಂಟ್ ಹೋಗಿತ್ತು ಅಂತ ಬರಿ. ಹಳೇ ಗಂಟೆ ಲೆಕ್ಕಕ್ಕೆ ಸೇರ್ಸಿಬಿಡೋಣ."

"ನೇತಾಕಿರೋ ತೂಕಕ್ಕೆ ಯಾವ ಕರೆಂಟು ಸಾರ್?"

ಸಾರ್ ನಾಚಲಿಲ್ಲ. ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿಯಂತೆ ಹುಬ್ಬು ಗಂಟಿಕ್ಕಿ ಯೋಚಿಸತೊಡಗಿದರು. ಬೇರೆ ಒಳ್ಳೆಯ ಕಾರಣ ಹುಡುಕುತ್ತಿದ್ದಾರೆ! ಅವಳು ಎದ್ದು ಹೋಗಿ ಚೌಕಟ್ಟಿನ ಪಕ್ಕ ಕುರ್ಚಿ ಹಾಕಿ, ಅವರಿಗೆ ಬೆನ್ನು ಮಾಡಿ ಕೂತಳು. ಆಟೋ ಹೋದ ಸದ್ದು ಕೇಳುವವರೆಗೂ ತಿರುಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಲೇತುಗಳೆಲ್ಲ ಓಡುತ್ತಿರುವಾಗಲೇ, ಒಣ ಹುಣಸೆಬೀಜ ಒಡೆದಂತೆ ಒಂದು ಸದ್ದು. ಸನ್ನೆ ದಢಾರನೆ ನೆಲಕ್ಕೆ ಬಿತ್ತು, ಬಿಲ್ಲೆಗಳು ಉರುಳಿದವು. ನಡುವಿನ ಫೋರ್ಕು ಕವಲಿನ ಬುಡದಲ್ಲಿ ಕಿತ್ತಿತ್ತು. ಬಗ್ಗಿರಲಿಲ್ಲ, ಎಳೆದುಕೊಂಡಿರಲಿಲ್ಲ. ಮುರಿದ ಮೈ ಕಲ್ಲುಸಕ್ಕರೆಯ ಹಾಗೆ ಹರಳು ಹರಳು.

ಮುನೀಂದ್ರ ಓಡಿ ಬಂದು ಎರಡು ತುಂಡನ್ನೂ ಎತ್ತಿ ಜೋಡಿಸಿ ನೋಡಿದ. "ಒಂದು ತಾನೆ ಅತ್ಗೆ? ಮಿಕ್ಕಿದ್ದು ಚೆನ್ನಾಗೈತಲ್ಲ. ಅದ್ರಾಗೇ ಒಳ್ಳೇವು ಆರ್ಸಿ ಕೊಡಾಣ. ಯಾರಿಗೂ ಗೊತ್ತಾಗಾಕಿಲ್ಲ."

"ನಂಗ್ ಗೊತ್ತಾಗೈತಲ್ಲ. ನಾನೇನು ಯಾರೂ ಅಲ್ವಾ?"

ಅವಳು ಅಷ್ಟೂ ಫೋರ್ಕನ್ನು ತಟ್ಟೆಗೆ ಸುರಿದು ಕೆಂಪು ಬಣ್ಣ ಬಳಿದಳು. ತಿರಸ್ಕರಿಸಿದ ವಿಮಾನದ ಭಾಗವನ್ನು ಹಾಗೇ ಬಿಡುವಂತಿಲ್ಲ. ಗುಜರಿಯಿಂದ ತೊಳೆದು ಮತ್ತೆ ಮಾರುವ ಪುಣ್ಯಾತ್ಮರಿದ್ದಾರೆ. ಗರಗಸದ ಮಿಷನ್ನಿಗೆ ಒಂದೊಂದಾಗಿ ಕೊಟ್ಟು, ಎಲ್ಲವನ್ನೂ ಎರಡೆರಡು ತುಂಡು ಮಾಡಿದಳು. ಎರಡು ಗಂಟೆ ಹಿಡಿಯಿತು. ಮಗುವಿನ ಕಿವಿ ಸವರಿದಂತೆ ಸವರಿ ಮಾಡಿಸಿದ ಪೀಸುಗಳು. ಮುನೀಂದ್ರ ಪಕ್ಕದಲ್ಲಿ ನಿಂತು, "ಇದು ಚೆನ್ನಾಗಿತ್ತು... ಇದೂ ಚೆನ್ನಾಗಿತ್ತು..." ಎಂದು ಒಂದೊಂದಕ್ಕೂ ಗೊಣಗಿದ. ಕೆಲಸದವರು ಲೇತು ನಿಲ್ಲಿಸಿ ನೋಡಿದರು.

ಶನಿವಾರ ಪುಸ್ತಕವನ್ನೂ ಮುರಿದ ತುಂಡನ್ನೂ ತೆಗೆದುಕೊಂಡು ಸಾರ್ ಮನೆಗೆ ಹೋದಳು. ಹೆಂಡತಿ ಸತ್ಯವತಿ ಬಾಗಿಲು ತೆಗೆದು, "ಬಾಮ್ಮ ಅನುಸೂಯ, ಎಷ್ಟು ದಿನ ಆಯ್ತು. ಮೊಸರವಲಕ್ಕಿ ಕಲಸ್ತೀನಿ ಇರು" ಎಂದು ಸಡಗರಪಟ್ಟರು. ಅವರಿಗೇನೂ ಗೊತ್ತಿರಲಿಲ್ಲ. ಸಾರ್ ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು.

"ಆಹಾ, ಎಷ್ಟು ಕ್ಲೀನಾಗಿದೆ ನೋಡು! ಪಾಠ ಮಾಡೋಕೆ ಇಟ್ಕೋಬೇಕು ಇದನ್ನ."

ಆ ಸಂತೋಷ ನಿಜವಾದದ್ದು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಇದು ಆಕಾಶದಲ್ಲಿ ಕಿತ್ತು ತಾವೊಬ್ಬರೇ ಬದುಕಿ ಉಳಿದಿದ್ದರೂ, ಸಿಕ್ಕ ತುಂಡನ್ನು ಹೀಗೇ ಬೆಳಕಿಗೆ ಹಿಡಿದು ನೋಡುತ್ತಿದ್ದರೇನೋ. ಪುಸ್ತಕ ಬಿಚ್ಚಿ ಮುಂದಿಟ್ಟು, ಖಾಲಿ ಅಂಕಣ ತೋರಿಸಿ ಪೆನ್ನು ಕೊಟ್ಟಳು.

"ನಾನು ಬರ್ದ್ರೆ ಚಾಡಿ ಆಗತ್ತೆ ಸಾರ್. ನೀವೇ ಬರೀರಿ. ನೀವು ಬರೀದೇ ಇದ್ರೆ ನಾನೇ ಬರ್ದು ಕಳಿಸ್ತೀನಿ."

ಸಾರ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ಕೊನೆಗೆ ಬರೆದರು: 'ಬುಧವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಪರೀಕ್ಷೆಯ ಭಾರವನ್ನು ನಾನು ಕಡಿಮೆ ಮಾಡಿದೆ.' ಹೆಸರು, ಸಹಿ, ತಾರೀಖು. ಅಕ್ಷರಗಳು ಎಳೆದ ದಾರದಂತೆ ನೇರ.

"ನೋಡು, ಕೈ ಇನ್ನೂ ನಡುಗಲ್ಲ" ಎಂದರು, ಪುಸ್ತಕ ದೂರ ಹಿಡಿದು ತಮ್ಮ ಅಕ್ಷರ ತಾವೇ ಮೆಚ್ಚುತ್ತ.

ಅನುಸೂಯಮ್ಮ ಕೆಳಗೆ ತನ್ನ ಸಹಿ ಹಾಕಿದಳು. ಮೊಸರವಲಕ್ಕಿಯ ಬಟ್ಟಲು ಹಿಡಿದು ಬಂದ ಸತ್ಯವತಿಯವರ ಕಾಲು ಮುಟ್ಟಿ, "ಹೊಟ್ಟೆ ಸರಿಯಿಲ್ಲಮ್ಮ" ಎಂದು ಹೇಳಿ ಹೊರಟಳು. ಅದು ಸುಳ್ಳೇನಲ್ಲ.

ಹಾರಾಟಕ್ಕೆಂದು ಗೊತ್ತು ಮಾಡಿದ್ದ ಭಾನುವಾರದ ಪ್ರದರ್ಶನದಲ್ಲಿ ಬಟ್ಟೆ ರೆಕ್ಕೆಯ ವಿಮಾನ ಶಾಮಿಯಾನದಡಿ ಹಗ್ಗ ಕಟ್ಟಿಸಿಕೊಂಡು ನಿಂತಿತ್ತಂತೆ. ಜನ ರೆಕ್ಕೆ ಹಿಡಿದುಕೊಂಡು ಫೋಟೋ ತೆಗೆಸಿಕೊಂಡರಂತೆ. ಸಂಘದವರು ಸುಬ್ರಹ್ಮಣ್ಯ ಸಾರಿಗೆ ಶಾಲು ಹೊದಿಸಿ ಸಲಹೆಗಾರರ ಕೆಲಸದಿಂದ ಬೀಳ್ಕೊಟ್ಟರು. ಕಾರಣ ವಯಸ್ಸು ಎಂದು ಮೈಕಿನಲ್ಲಿ ಹೇಳಿದರು. ಅಲ್ಲೂ ಒಂದು ಸುಳ್ಳೇ. ಭಾವನಾ ಫೋನು ಮಾಡಿ, "ಆಂಟಿ, ಓಲೆ ಯಾವಾಗ ರೆಡಿ?" ಎಂದಳು, ಬೇರೇನೂ ಕೇಳಲಿಲ್ಲ.

ಎರಡನೇ ಸಲದ ಫೋರ್ಕುಗಳನ್ನು ಮುನೀಂದ್ರ ತುಟಿಪಿಟಿಕ್ಕೆನ್ನದೆ ಮಾಡಿಸಿಕೊಟ್ಟ. ಕಾರ್ತಿಕದ ಒಂದು ಬೆಳಿಗ್ಗೆ ಅವು ತೊಟ್ಟಿಯಿಂದ ಹೊರಬಂದಾಗ ಅನುಸೂಯಮ್ಮ ಲಗ್ಗೆರೆಯಲ್ಲೇ ಇದ್ದಳು. ನಲ್ಲಪ್ಪನ ಶೆಡ್ಡಿನಲ್ಲಿ ಆಸಿಡ್ಡಿನ ನಾತ, ನೆಲದಲ್ಲಿ ಹಸಿರು ಕೆಸರು, ಗೋಡೆಯಲ್ಲಿ ಒಣಗಿದ ಸೇವಂತಿಗೆ ಹಾರ. ತನ್ನ ಕೈಯಾರೆ ತಟ್ಟೆಯನ್ನು ಒಲೆಯೊಳಗಿಟ್ಟು ಬಾಗಿಲು ಹಾಕಿ, ಸ್ವಿಚ್ಚು ಒತ್ತಿದಳು. ಮನೆಯಿಂದ ತಂದ ಪ್ಲಾಸ್ಟಿಕ್ ಸ್ಟೂಲನ್ನು ಒದ್ದೆಯಿಲ್ಲದ ಜಾಗ ನೋಡಿ ಇಟ್ಟು, ಎರಡು ಹೊತ್ತಿನ ಬುತ್ತಿ, ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಕೂತಳು.

"ಇಪ್ಪತ್ಮೂರು ಗಂಟೇನೂ ಇಲ್ಲೇ ಕೂರ್ತೀರಾ ಅಕ್ಕ?" ನಲ್ಲಪ್ಪನಿಗೆ ನಿಜಕ್ಕೂ ನೋವಾಗಿತ್ತು. "ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ ಕಣಪ್ಪ" ಎಂದಳು ಅನುಸೂಯಮ್ಮ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಚಾರ್ಟಿನ ಮೇಲೆ ಮುಳ್ಳು ಎಳೆಯತೊಡಗಿದ್ದ ಗೆರೆ ಕಾಣುವಂತೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.